ಹಳೆ ಚಾಲಿ, ಹೊಸ ಚಾಲಿ: ಗಣಿತದಿಂದ ಫೈನಾನ್ಸಿಗೆ ನಾನು ಬಂದ ದಾರಿ

ನಮ್ಮ ಕಡೆಯ ಮಕ್ಕಳು ಆಗಾಗ ಫೋನ್ ಮಾಡುತ್ತಾರೆ. ಕಾರವಾರ, ಅಂಕೋಲಾ, ಕುಮಟಾ, ಯಲ್ಲಾಪುರ, ಹೀಗೆ ಬೇರೆ ಬೇರೆ ಊರು. ಎಲ್ಲರದೂ ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮೇಡಂ, ಗಣಿತದಲ್ಲಿ ಎಂಎಸ್ಸಿ ಆಗಿದೆ. ನಿಮ್ಮ ಹಾಗೆ ಫೈನಾನ್ಸ್ ಕಡೆ ಹೋಗಬಹುದಾ?" ಹೋಗಬಹುದು ಅಂತ ಹೇಳುತ್ತೇನೆ. ಹೇಗೆ ಅನ್ನೋದನ್ನು ಹತ್ತು ನಿಮಿಷದಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಈ ಸಲ ರಜೆಯಲ್ಲಿ ಶಿರಸಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಇದು ನಾನು ಬಂದ ದಾರಿ. ಬೇರೆ ದಾರಿಗಳೂ ಇವೆ.

ನಮ್ಮ ಮನೆ ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವ ದಾರಿಯಲ್ಲಿದೆ. ಎರಡು ಎಕರೆ ಅಡಿಕೆ ತೋಟ, ಮರಕ್ಕೆ ಹಬ್ಬಿದ ಕಾಳುಮೆಣಸು, ನಾಲ್ಕು ದನ. ಅಪ್ಪಯ್ಯ ಸ್ವಲ್ಪ ಅಡಿಕೆಯನ್ನು ಹಸಿಯಲ್ಲೇ ಸುಲಿದು ಬೇಯಿಸಿ ರಾಶಿ ಮಾಡುತ್ತಿದ್ದರು. ಜಾಸ್ತಿ ಪಾಲು ಚಾಲಿ. ಹಣ್ಣಡಿಕೆಯನ್ನು ಅಂಗಳದಲ್ಲಿ ನಲವತ್ತು, ನಲವತ್ತೈದು ದಿನ ಒಣಗಿಸಿ ಸುಲಿದರೆ ಚಾಲಿ. ಸುಲಿದ ಚಾಲಿಯನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸುತ್ತಿದ್ದರು. ಅದನ್ನು ಯಾವಾಗ ಇಳಿಸಬೇಕು, ಯಾವಾಗ ಮಾರಬೇಕು ಅನ್ನೋದು ನಮ್ಮ ಮನೆಯ ದೊಡ್ಡ ಮಾತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಜಾತ್ರೆ ವರ್ಷ ಖರ್ಚು ಹೆಚ್ಚು, ಆಗ ಒಂದೆರಡು ಚೀಲ ಜಾಸ್ತಿ ಇಳಿಯುತ್ತಿತ್ತು. ಮುಂದೆ ನಾನು ಇಪ್ಪತ್ತು ವರ್ಷ ಕಾಗದದ ಮೇಲೆ ಬಿಡಿಸಿದ ಲೆಕ್ಕ ಆ ಅಟ್ಟದ ಮೇಲೇ ಇತ್ತು. ಆಗ ನನಗೆ ಅದು ಕಾಣಲಿಲ್ಲ.

ಶಿರಸಿಯಲ್ಲಿ ಬಿಎಸ್ಸಿ ಮುಗಿಸಿ 2000ದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಎಂಎಸ್ಸಿಗೆ ಸೇರಿದೆ. ಮುಂಡಗೋಡ, ಹುಬ್ಬಳ್ಳಿ ಮೇಲೆ ಬಸ್ಸು. ಆ ಎರಡು ವರ್ಷ ನಾನು ಓದಿದ್ದರಲ್ಲಿ ಮನಸ್ಸಿಗೆ ಹತ್ತಿದ್ದು ಎರಡು ವಿಷಯ. ಒಂದು ಮೆಜರ್ ಥಿಯರಿ, ಇನ್ನೊಂದು ಸಂಭವನೀಯತೆ. ಫೈನಾನ್ಸ್ ಅನ್ನೋ ಶಬ್ದ ಆಗ ನನಗೆ ಬ್ಯಾಂಕ್ ಪರೀಕ್ಷೆಗೆ ಓದುವವರ ಶಬ್ದ ಆಗಿತ್ತು, ಅಷ್ಟೇ.

2002ರಿಂದ ಕುಮಟಾದ ಒಂದು ಕಾಲೇಜಿನಲ್ಲಿ ಪಾಠ ಮಾಡಿದೆ. ತಾತ್ಕಾಲಿಕ ಕೆಲಸ, ಸಣ್ಣ ಸಂಬಳ. ಬಿಎಸ್ಸಿ ಮಕ್ಕಳಿಗೆ ಕ್ಯಾಲ್ಕುಲಸ್, ಬಿಕಾಂ ಮಕ್ಕಳಿಗೆ ವ್ಯವಹಾರ ಗಣಿತ. ಒಂದು ದಿನ ಕಾಮರ್ಸ್ ವಿಭಾಗದ ಸಹೋದ್ಯೋಗಿಯೊಬ್ಬರು ಒಂದು ಜೆರಾಕ್ಸ್ ಹಾಳೆ ತಂದರು. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ 2001ರ ಜೂನ್‌ನಿಂದ ನಿಫ್ಟಿ ಆಪ್ಷನ್ ಶುರುವಾಗಿತ್ತು. ನಿಫ್ಟಿ ಅಂದರೆ ಅಲ್ಲಿನ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ. ಆಪ್ಷನ್ ಅಂದರೆ ಮೊದಲೇ ಗೊತ್ತುಮಾಡಿದ ದರಕ್ಕೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು, ಬೇಡವಾದರೆ ಬಿಡಬಹುದು. ಪಠ್ಯಕ್ಕೆ ಅದು ಬರಬಹುದು ಅಂತ ಅವರು ಓದುತ್ತಿದ್ದರು. ಹಾಳೆಯಲ್ಲಿ ಆಪ್ಷನ್ನಿಗೆ ಬೆಲೆ ಕಟ್ಟಲು ಬ್ಲ್ಯಾಕ್ ಮತ್ತು ಶೋಲ್ಸ್ 1973ರಲ್ಲಿ ಕೊಟ್ಟ ಸಮೀಕರಣ ಇತ್ತು. "ಇದು ಏನು ಹೇಳ್ತದೆ ನೋಡಿ, ನಮಗೆ ತಲೆಗೆ ಹೋಗ್ತಾ ಇಲ್ಲ" ಅಂದರು.

ಸಂಜೆ ರೂಮಿನಲ್ಲಿ ಕೂತು ನೋಡಿದೆ. ಚರಗಳನ್ನು ಬದಲಾಯಿಸುತ್ತಾ ಹೋದೆ. ರಾತ್ರಿ ಹನ್ನೊಂದರ ಹೊತ್ತಿಗೆ ನನ್ನ ಎದುರು ಇದ್ದದ್ದು ಉಷ್ಣ ಹರಡುವ ಸಮೀಕರಣ. ಕಬ್ಬಿಣದ ಸಲಾಕೆಯ ಒಂದು ತುದಿ ಕಾಯಿಸಿದರೆ ಬಿಸಿ ಹೇಗೆ ಹರಡುತ್ತದೆ ಅಂತ ಎಂಎಸ್ಸಿಯಲ್ಲಿ ಬಿಡಿಸಿದ ಅದೇ ಸಮೀಕರಣ! ಷೇರಿನ ಬೆಲೆಗೂ ಬಿಸಿ ಸಲಾಕೆಗೂ ಏನು ನಂಟು? ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನದಿಂದ ಹಿಂದಕ್ಕೆ ಹೋಗಿ ಓದಿದೆ. ಲೂಯಿ ಬ್ಯಾಷೆಲಿಯೆ ಅನ್ನುವ ಫ್ರೆಂಚ್ ಗಣಿತಜ್ಞ 1900ರಲ್ಲೇ, ಪ್ಯಾರಿಸ್ ಷೇರುಪೇಟೆಯ ದರಗಳು ಕುಡಿದವನ ನಡಿಗೆಯ ಹಾಗೆ ಗೊತ್ತುಗುರಿ ಇಲ್ಲದೆ ಚಲಿಸುತ್ತವೆ ಅಂತ ಇಟ್ಟುಕೊಂಡು ಆಪ್ಷನ್‌ನ ಬೆಲೆ ಲೆಕ್ಕ ಹಾಕಿದ್ದ. ಐನ್‌ಸ್ಟೈನ್ ನೀರಿನಲ್ಲಿ ತೇಲುವ ಕಣಗಳ ಚಲನೆಯ ಬಗ್ಗೆ ಬರೆದದ್ದು 1905ರಲ್ಲಿ. ಅಂದರೆ ಬ್ಯಾಷೆಲಿಯೆ ಐದು ವರ್ಷ ಮುಂದೆ. ಆಮೇಲೆ ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ ಆ ಚಲನೆಗೆ ಗಟ್ಟಿ ಗಣಿತ ಕೊಟ್ಟರು. ಜಪಾನಿನ ಕಿಯೋಶಿ ಇಟೋ 1940ರ ದಶಕದಲ್ಲಿ ಅದಕ್ಕೆ ಹೊಂದುವ ಕ್ಯಾಲ್ಕುಲಸ್ ಕಟ್ಟಿದರು. ಆ ಕ್ಯಾಲ್ಕುಲಸ್ ಹಿಡಿದು ಬಂದದ್ದು 1973ರ ಸಮೀಕರಣ. ಫಿಶರ್ ಬ್ಲ್ಯಾಕ್ ಪಿಎಚ್‌ಡಿ ಮಾಡಿದ್ದು ಅನ್ವಯಿಕ ಗಣಿತದಲ್ಲಿ. ಆ ಸಮೀಕರಣವನ್ನು ಮುಂದೆ ಬೆಳೆಸಿದ ರಾಬರ್ಟ್ ಮರ್ಟನ್ ಕೂಡ ಮೊದಲು ಗಣಿತದ ಕಡೆಯವರೇ, ಆಮೇಲೆ ಅರ್ಥಶಾಸ್ತ್ರಕ್ಕೆ ಬಂದವರು. ಹಾಗಾದರೆ ನಾನೂ ಬರಬಹುದು ಅಲ್ವಾ ಅನ್ನಿಸಿತು.

ಆ ಧೈರ್ಯದಲ್ಲಿ ನೆಟ್ ಪರೀಕ್ಷೆ ಬರೆದೆ, ಸಂಶೋಧನೆ ಮಾಡುವವರಿಗೆ ಸರ್ಕಾರ ಕೊಡುವ ವೇತನವಾದ ಜೆಆರ್‌ಎಫ್ ಸಿಕ್ಕಿತು. ಒಂದು ಮ್ಯಾನೇಜ್‌ಮೆಂಟ್ ಸಂಸ್ಥೆಯ ಪಿಎಚ್‌ಡಿ ಸಂದರ್ಶನಕ್ಕೆ ಕರೆ ಬಂತು. ಇಟೋ ಸೂತ್ರದ ಸಾಧನೆ ಪೂರ್ತಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಅದನ್ನು ಕೇಳಲೇ ಇಲ್ಲ. ಕೇಳಿದ್ದು ಇಷ್ಟೇ: "ಬಡ್ಡಿ ದರ ಏರಿದರೆ ಬಾಂಡಿನ ಬೆಲೆ ಏನಾಗುತ್ತದೆ?" ಇಳಿಯುತ್ತದೆ ಅಂದೆ, ಬೋರ್ಡಿನ ಮೇಲೆ ಡೆರಿವೇಟಿವ್ ಬರೆದು ಮೈನಸ್ ಚಿಹ್ನೆ ತೋರಿಸಿದೆ. "ಸರಿ. ಹಾಗಾದರೆ ನಷ್ಟ ಯಾರಿಗೆ? ಲಾಭ ಯಾರಿಗೆ?" ನನ್ನ ಬಳಿ ಉತ್ತರ ಇರಲಿಲ್ಲ. ಬಾಂಡ್ ಅಂದರೆ ಸರ್ಕಾರವೋ ಕಂಪನಿಯೋ ಸಾಲ ಪಡೆದು ಕೊಡುವ ಪತ್ರ. ಅದನ್ನು ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ.

ಗಣಿತದಿಂದ ಬರುವವರು ಈ ಜಾಗವನ್ನು ಗಮನ ಇಟ್ಟು ಓದಬೇಕು. ನಾನು ಕಳೆದುಕೊಂಡ ಒಂದು ವರ್ಷ ನಿಮಗೆ ಉಳಿಯಲಿ. ಕುಮಟಾಕ್ಕೆ ವಾಪಸು ಬಂದು ನಾನು ಮೊದಲು ಮಾಡಿದ್ದು, ಬಿಕಾಂ ಮೊದಲ ವರ್ಷದ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು ಲೆಕ್ಕಶಾಸ್ತ್ರ ಕೇಳಿದ್ದು. ಜಮೆ, ಖರ್ಚು, ತಾಳೆಪಟ್ಟಿ, ಅಡಾವೆ ಪತ್ರಿಕೆ, ಎಲ್ಲ. ಒಂದು ಕಂಪನಿಯ ವಾರ್ಷಿಕ ವರದಿ ತರಿಸಿಕೊಂಡು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಸವಕಳಿ ಅಂದರೆ ಏನು, ನಗದು ಕೈಯಿಂದ ಹೋಗದಿದ್ದರೂ ಅದನ್ನು ಖರ್ಚು ಅಂತ ಯಾಕೆ ಬರೆಯುತ್ತಾರೆ ಅಂತ ತಿಳಿಯಲು ಎರಡು ವಾರ ಬೇಕಾಯಿತು. ಆಮೇಲೆ ಅರ್ಥಶಾಸ್ತ್ರದ ಮೂಲ ಪಾಠಗಳು, ಕೊನೆಗೆ ಸಂಖ್ಯಾಶಾಸ್ತ್ರದಲ್ಲಿ ರಿಗ್ರೆಷನ್. ದಿನಾ ಒಂದು ವ್ಯಾಪಾರ ಪತ್ರಿಕೆ ಓದಿ, ಒಂದು ಸುದ್ದಿ ಆರಿಸಿಕೊಂಡು, ಇದರಿಂದ ಯಾರ ಕೈಗೆ ದುಡ್ಡು ಬಂತು, ಯಾರ ಕೈಯಿಂದ ಹೋಯಿತು ಅಂತ ನಾಲ್ಕು ಸಾಲು ಬರೆಯುತ್ತಿದ್ದೆ. ಮರುವರ್ಷ, ಅಂದರೆ 2005ರಲ್ಲಿ, ಸೀಟು ಸಿಕ್ಕಿತು.

ಐಐಎಂಗಳಲ್ಲಿ ಆಗ ಈ ಕೋರ್ಸಿಗೆ ಫೆಲೋ ಪ್ರೋಗ್ರಾಂ ಅಂತ ಹೆಸರು. ಮುಗಿಸಿದವರಿಗೆ ಫೆಲೋ ಅನ್ನುವ ಬಿರುದು ಸಿಗುತ್ತಿತ್ತು. 2017ರ ಐಐಎಂ ಕಾಯ್ದೆ ಬಂದ ಮೇಲೆ ಪಿಎಚ್‌ಡಿ ಅಂತಲೇ ಕೊಡುತ್ತಾರೆ. ಎಲ್ಲಿ ಸೇರಿದರೂ ಮೊದಲ ಎರಡು ವರ್ಷ ಪಾಠ, ಆಮೇಲೆ ಅರ್ಹತಾ ಪರೀಕ್ಷೆ, ಆಮೇಲೆ ವಿಷಯ ಮಂಡನೆ, ಕೊನೆಗೆ ಪ್ರಬಂಧ. ಶುಲ್ಕ ಇಲ್ಲ, ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್ ಬರುತ್ತದೆ. ಈ ಮಾತು ನಮ್ಮ ಕಡೆ ಬಹಳ ಮನೆಗಳಿಗೆ ಗೊತ್ತಿಲ್ಲ. ಮ್ಯಾನೇಜ್‌ಮೆಂಟ್ ಸಂಸ್ಥೆ ಅಂದ ಕೂಡಲೇ ಲಕ್ಷಗಟ್ಟಲೆ ಫೀಸು ಅಂತ ಹೆದರುತ್ತಾರೆ. ಅದು ಎಂಬಿಎಗೆ. ಪಿಎಚ್‌ಡಿಗೆ ಸಂಸ್ಥೆಯೇ ನಿಮಗೆ ಕೊಡುತ್ತದೆ.

ಪಾಠದ ದಿನಗಳಲ್ಲಿ ಆಸ್ತಿ ಬೆಲೆಯ ಸಿದ್ಧಾಂತ ನನಗೆ ಸಲೀಸಾಯಿತು. ಮಾರ್ಟಿಂಗೇಲ್, ಅಂದರೆ ನಾಳೆಯ ಬೆಲೆಯ ಸರಾಸರಿ ನಿರೀಕ್ಷೆ ಇವತ್ತಿನ ಬೆಲೆಯೇ ಆಗಿರುವ ಚಲನೆಯ ಗಣಿತ, ಬಂದಾಗ ಬೇರೆಯವರು ಬೆವರುವಾಗ ನಾನು ಆರಾಮಾಗಿದ್ದೆ. ಕಷ್ಟ ಆಗಿದ್ದು ಇಕನಾಮೆಟ್ರಿಕ್ಸ್, ಅಂದರೆ ಅರ್ಥಶಾಸ್ತ್ರದ ಪ್ರಶ್ನೆಗಳನ್ನು ಅಂಕಿ ಹಿಡಿದು ಪರೀಕ್ಷಿಸುವ ಶಾಸ್ತ್ರ. ಅಲ್ಲಿ ಸೂತ್ರ ಸುಲಭ, ಪ್ರಶ್ನೆ ಕಷ್ಟ. ಇದರಿಂದ ಅದು ಆಯಿತೋ, ಅದರಿಂದ ಇದು ಆಯಿತೋ, ಎರಡಕ್ಕೂ ಬೇರೆ ಏನೋ ಕಾರಣವೋ? ಗಣಿತದಲ್ಲಿ ನಮಗೆ "ಇದು ಹೀಗೆ ಇದೆ ಎಂದಿರಲಿ" ಅಂತ ಶುರು ಮಾಡಿ ಅಭ್ಯಾಸ. ಇಲ್ಲಿ ಅದು ಹಾಗೇ ಇದೆಯಾ ಅಂತ ಮೊದಲು ತೋರಿಸಬೇಕು.

ಈಗ ಚಾಲಿಯ ಕಥೆಗೆ ಬರುತ್ತೇನೆ.

ಪ್ರಬಂಧಕ್ಕೆ ವಿಷಯ ಹುಡುಕುವಾಗ ಅಡಿಕೆ ದರವನ್ನೇ ತೆಗೆದುಕೊಂಡೆ. ಕಾರಣ ಇತ್ತು. ಎಲ್ಲರೂ ಷೇರುಪೇಟೆಯ ಅಂಕಿಗಳ ಮೇಲೆ ಬರೆಯುತ್ತಿದ್ದರು. ನನ್ನ ಮನೆಯ ಹತ್ತಿರ ಒಂದು ದೊಡ್ಡ ಪೇಟೆ ಇತ್ತು, ಅದರ ಬಗ್ಗೆ ಫೈನಾನ್ಸಿನವರು ಯಾರೂ ನೋಡಿದ ಹಾಗೆ ಕಾಣಲಿಲ್ಲ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದೇ 1923ರಲ್ಲಿ. ಅಷ್ಟು ಹಳೆಯ ಸಹಕಾರಿ ವ್ಯಾಪಾರ ಇರುವ ಊರು ನಮ್ಮದು. 2007ರ ಬೇಸಿಗೆಯಲ್ಲಿ ಊರಿಗೆ ಬಂದು, ಪರಿಚಯದವರ ಮೂಲಕ ಒಂದು ವಖಾರಿಯ, ಅಂದರೆ ಅಡಿಕೆ ವ್ಯಾಪಾರದ ಮಳಿಗೆಯ, ಹಳೆ ದರದ ಪುಸ್ತಕಗಳನ್ನು ನೋಡಲು ಅನುಮತಿ ಪಡೆದೆ. ಕೈಬರಹದ ಪುಸ್ತಕಗಳು. ದಿನಕ್ಕೆ ಎಂಟು ತಾಸು ಕೂತು ಲ್ಯಾಪ್‌ಟಾಪಿಗೆ ಏರಿಸಿದೆ. ತಾರೀಕು, ತರ, ಕನಿಷ್ಠ ದರ, ಗರಿಷ್ಠ ದರ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ, ಎಲ್ಲ ಬೇರೆ ಬೇರೆ.

ಚಾಲಿಯ ದರದಲ್ಲಿ ಒಂದು ವಿಚಿತ್ರ ಕಂಡಿತು. ಹೆಚ್ಚುಕಡಿಮೆ ಪ್ರತಿ ವರ್ಷ ದರ ಒಂದೇ ದಿನ ಧಡಕ್ಕನೆ ಕೆಳಗೆ ಬೀಳುತ್ತಿತ್ತು. ಆಮೇಲೆ ನಿಧಾನವಾಗಿ ಏರುತ್ತಿತ್ತು. ನನಗೆ ಖುಷಿಯೋ ಖುಷಿ. ಬೆಲೆ ನಯವಾಗಿ ಚಲಿಸದೆ ನಡುನಡುವೆ ಜಿಗಿಯುವ ಮಾದರಿಯನ್ನು ಮರ್ಟನ್ 1976ರಲ್ಲೇ ಕೊಟ್ಟಿದ್ದರು. ಅದನ್ನು ತೆಗೆದುಕೊಂಡು, ಜಿಗಿತಕ್ಕೆ ಋತುವನ್ನೂ ಸೇರಿಸಿ, ಎರಡು ಪ್ರಮೇಯ ಸಾಧಿಸಿದೆ. ಎಂಟು ತಿಂಗಳ ಕೆಲಸ. ಗೈಡ್ ಕೈಗೆ ಕೊಟ್ಟೆ. ಅವರು ಗಣಿತ ನೋಡಿ ತಲೆದೂಗಿದರು. ಆಮೇಲೆ ಒಂದು ಮಾತು ಕೇಳಿದರು. "ಪ್ರತಿ ಬೇಸಿಗೆಯಲ್ಲಿ ದರ ಬೀಳುತ್ತದೆ ಅಂತ ನಿನಗೆ ಪುಸ್ತಕ ನೋಡಿ ಗೊತ್ತಾಯಿತು. ಅಲ್ಲಿನ ವ್ಯಾಪಾರಿಗೆ, ರೈತನಿಗೆ ಗೊತ್ತಿಲ್ಲವೇ? ಗೊತ್ತಿದ್ದರೆ ಎಲ್ಲರೂ ಹಿಂದಿನ ವಾರವೇ ಮಾರುತ್ತಿದ್ದರು. ಆಗ ದರ ಹಿಂದಿನ ವಾರವೇ ಬೀಳಬೇಕಿತ್ತು. ಯಾಕೆ ಬೀಳುವುದಿಲ್ಲ?"

ನಾನು ಗಣಿತದಲ್ಲೇ ಉತ್ತರ ಕೊಟ್ಟೆ. ಸಾಗಣೆ ಖರ್ಚು, ಮಾಹಿತಿ ತಡ, ಹೀಗೆ ಏನೇನೋ. ಅವರು ಒಪ್ಪಲಿಲ್ಲ. "ಊರಿಗೆ ಹೋಗಿ ಕೇಳಿ ಬಾ" ಅಂದರು.

ಬಂದೆ. ಆ ವಖಾರಿಯಲ್ಲಿ ಮೂವತ್ತು ವರ್ಷದಿಂದ ದರ ಬರೆಯುತ್ತಿದ್ದ ಹಿರಿಯರೊಬ್ಬರು ಇದ್ದರು. ನನ್ನ ನಕ್ಷೆಯನ್ನು ಟೇಬಲ್ಲಿನ ಮೇಲೆ ಹರಡಿ, ಬೀಳುವ ಜಾಗಗಳಿಗೆ ಬೆರಳಿಟ್ಟು ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿದರು. ಪುಸ್ತಕ ತೆಗೆದು ಆ ದಿನದ ಪುಟ ಹುಡುಕಿದರು. "ತಂಗಿ, ಇಲ್ಲಿವರೆಗೆ ಬರೆದದ್ದು ಹಳೆ ಚಾಲಿ ದರ. ಇಲ್ಲಿಂದ ಹೊಸ ಚಾಲಿ. ಹಳೇದು ಮುಗಿದ ಮೇಲೆ ಹೊಸದನ್ನೇ ಅದೇ ಕಾಲಮ್ಮಿನಲ್ಲಿ ಬರೀತಿದ್ವಿ."

ಅಷ್ಟೇ. ದರ ಬಿದ್ದಿರಲೇ ಇಲ್ಲ. ಹೊಸ ಬೆಳೆಯ ಚಾಲಿಗೆ ಹಳೆಯದಕ್ಕಿಂತ ದರ ಕಡಿಮೆ. ಅದು ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ನನಗೂ ಗೊತ್ತಿತ್ತು. ಒಂದು ವಸ್ತು ಹೋಗಿ ಇನ್ನೊಂದು ವಸ್ತು ಬಂದಿತ್ತು, ಕಾಲಮ್ಮು ಒಂದೇ ಇತ್ತು. ಎಂಟು ತಿಂಗಳು ನಾನು ಇಲ್ಲದ ಜಿಗಿತಕ್ಕೆ ಪ್ರಮೇಯ ಬರೆದಿದ್ದೆ. ಸಾಧನೆಯಲ್ಲಿ ಒಂದು ಸಾಲೂ ತಪ್ಪಿರಲಿಲ್ಲ.

ಆ ದಿನ ಬಸ್ಸು ಹತ್ತದೆ ಮನೆಯವರೆಗೆ ನಡೆದುಕೊಂಡು ಬಂದೆ. ತುಂಬಾ ನೋವಾಯಿತು. ಆದರೆ ಫೈನಾನ್ಸ್ ಅನ್ನೋ ವಿಷಯ ನನಗೆ ಅರ್ಥವಾಗಲು ಶುರುವಾದದ್ದು ಆ ದಿನದಿಂದ. ಗೈಡ್ ಕೇಳಿದ ಪ್ರಶ್ನೆ ಬಹಳ ಬಲವಾದದ್ದು. ಎಲ್ಲರಿಗೂ ಕಾಣುವ ಲಾಭ ಪೇಟೆಯಲ್ಲಿ ಬಿದ್ದಿರುವುದಿಲ್ಲ. ಹಾಗೆ ಬಿದ್ದಿರುವ ಹಾಗೆ ಕಂಡರೆ ಮೊದಲು ಅಂಕಿಯನ್ನು ಅನುಮಾನಿಸಬೇಕು. ಇವತ್ತಿಗೂ ನನ್ನ ವಿದ್ಯಾರ್ಥಿಗಳು ಅಂಕಿ ತಂದರೆ, ಇದನ್ನು ಬರೆದವರು ಯಾರು, ಎಲ್ಲಿ ನಿಂತು ಬರೆದರು, ಯಾವ ಕಾಲಮ್ಮಿನಲ್ಲಿ ಏನು ಸೇರಿದೆ ಅಂತ ಕೇಳುತ್ತೇನೆ. ಸಾಧ್ಯವಾದರೆ ಆ ಜಾಗಕ್ಕೇ ಕಳಿಸುತ್ತೇನೆ.

ಅದೇ ವರ್ಷ, 2008ರ ಸೆಪ್ಟೆಂಬರ್ 15ರಂದು, ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿಯಾಯಿತು. ನಮ್ಮ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಸಾವಿರಾರು ಮನೆಸಾಲಗಳನ್ನು ಒಟ್ಟು ಕಟ್ಟಿ ಮಾರುವಾಗ, ಒಂದು ಸಾಲ ಮುಳುಗಿದರೆ ಇನ್ನೊಂದೂ ಮುಳುಗುವ ಸಾಧ್ಯತೆ ಎಷ್ಟು ಅಂತ ಅಳೆಯಲು ಗಾಸಿಯನ್ ಕಾಪ್ಯುಲಾ ಅನ್ನುವ ಗಣಿತ ಬಳಸುತ್ತಿದ್ದರು. ಗಣಿತ ಚೆಂದ ಇತ್ತು. ಆದರೆ ಅದಕ್ಕೆ ಹಾಕಿದ ಅಂಕಿಗಳು ಮನೆ ಬೆಲೆ ಏರುತ್ತಲೇ ಇದ್ದ ಒಳ್ಳೆ ಕಾಲದವು. ನನಗೆ ಕೂಡಲೇ ನೆನಪಾದದ್ದು ನಮ್ಮೂರಿನ ಸೊಸೈಟಿ. ಅಲ್ಲಿ ಸಾಲ ತೆಗೆದವರು ಎಲ್ಲರೂ ಅಡಿಕೆ ಬೆಳೆಯುವವರು. ಜಾಸ್ತಿ ಮಳೆಗೆ ಅಡಿಕೆ ಕೊಳೆತು ಉದುರುವ ಕೊಳೆ ರೋಗ ಬಂದರೆ ಒಂದೇ ತೋಟಕ್ಕೆ ಬಂದು ನಿಲ್ಲುತ್ತದಾ? ಕಣಿವೆಗೆ ಕಣಿವೆಯೇ ಹೋಗುತ್ತದೆ. ಒಳ್ಳೆ ವರ್ಷಗಳ ಪುಸ್ತಕ ನೋಡಿದರೆ ಒಬ್ಬೊಬ್ಬರ ಬಾಕಿಯೂ ಬೇರೆ ಬೇರೆ ಕಾರಣಕ್ಕೆ ಅನ್ನಿಸುತ್ತದೆ. ಕೊಳೆ ವರ್ಷದ ಪುಸ್ತಕ ಬೇರೆಯೇ ಮಾತು ಹೇಳುತ್ತದೆ.

ಪ್ರಬಂಧವನ್ನು ಮತ್ತೆ ಶುರು ಮಾಡಿದೆ. ಹಳೆ ಚಾಲಿ, ಹೊಸ ಚಾಲಿ ಬೇರೆ ಮಾಡಿದೆ. ಪ್ರಶ್ನೆಯನ್ನೂ ಬದಲಾಯಿಸಿದೆ: ಬೆಳೆಗಾರ ಯಾವಾಗ ಮಾರಬೇಕು?

ಗಣಿತದಲ್ಲಿ ಇದಕ್ಕೆ ಚೆಂದದ ರೂಪ ಇದೆ. ಯಾವಾಗ ನಿಲ್ಲಿಸಬೇಕು ಅನ್ನುವ ಲೆಕ್ಕ ಅದು. ಬೇಕಾದ ದಿನ ಚಲಾಯಿಸಬಹುದಾದ ಅಮೆರಿಕನ್ ಆಪ್ಷನ್‌ಗೂ ಇದೇ ಲೆಕ್ಕ. ಸುಮ್ನೆ ಒಂದು ಉದಾಹರಣೆ. ಕ್ವಿಂಟಲಿಗೆ 40,000 ರೂಪಾಯಿ ದರ ಇದೆ ಅಂತ ಇಟ್ಟುಕೊಳ್ಳಿ. ಸಾಲದ ಬಡ್ಡಿ ವರ್ಷಕ್ಕೆ ಶೇ. 12. ಆರು ತಿಂಗಳು ಇಟ್ಟರೆ ಬಡ್ಡಿಯೇ 2,400. ಹುಳ ಹಿಡಿದು, ತೂಕ ಇಳಿದು ಶೇ. 2 ಹೋದರೆ ಇನ್ನೊಂದು 800. ಅಂದರೆ ಆರು ತಿಂಗಳ ಮೇಲೆ ಸುಮಾರು 43,200ಕ್ಕಿಂತ ಜಾಸ್ತಿ ಸಿಗುವ ಭರವಸೆ ಇದ್ದರೆ ಮಾತ್ರ ಇಡಬೇಕು. ಪೇಟೆಯಲ್ಲಿ ದರ ಯಾವ ಕಡೆಗೆ ಹೋಗುತ್ತದೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಇಡುವುದು ಬರೀ ಖರ್ಚು. ಸಾಲ ಇರುವವರು ಇವತ್ತೇ ಮಾರಬೇಕು.

ಈ ಲೆಕ್ಕವನ್ನು ಅಪ್ಪಯ್ಯನಿಗೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕವಳ ಹಾಕಿಕೊಳ್ಳುತ್ತಾ ಹೇಳಿದರು: "ನಿನ್ನ ಲೆಕ್ಕ ಸರಿ ತಂಗಿ. ಆದ್ರೆ ದುಡ್ಡು ಕೈಲಿದ್ರೆ ಕೇಳಲೆ ನಾಲ್ಕು ಜನ ಬತ್ತ. ಅಟ್ಟದ ಮೇಲಿದ್ದ ಚಾಲಿ ಕೇಳಲೆ ಯಾರೂ ಬತ್ವಿಲ್ಲೆ."

ಇದು ನನ್ನ ಮಾದರಿಯಲ್ಲಿ ಇರಲಿಲ್ಲ. ಅಪ್ಪಯ್ಯನಿಗೆ ಚಾಲಿ ಅಂದರೆ ಕೈ ಕಟ್ಟಿ ಹಾಕುವ ಉಳಿತಾಯ. ಮಗಳ ಫೀಸಿಗೆ, ಮನೆ ಮಾಡಿನ ರಿಪೇರಿಗೆ, ಜಾತ್ರೆಗೆ ಅಂತ ಚೀಲ ಲೆಕ್ಕ. ಅವರು ದರ ಏರುತ್ತದೆ ಅಂತ ಜೂಜಾಡುತ್ತಿರಲಿಲ್ಲ. ಜೊತೆಗೆ ಕೊಯ್ಲು ಮುಗಿದ ಕೂಡಲೇ ಎಲ್ಲರ ಮಾಲೂ ಒಟ್ಟಿಗೆ ಬರುತ್ತದೆ, ಆಗ ಮಾರಲು ಓಡುವವರಲ್ಲಿ ಸಾಲದವರೇ ಜಾಸ್ತಿ ಅನ್ನೋದೂ ಅವರಿಗೆ ಗೊತ್ತಿತ್ತು. ಈ ಎರಡನ್ನೂ ಮಾದರಿಗೆ ಸೇರಿಸಿದ ಮೇಲೆ ಉತ್ತರ ಬದಲಾಯಿತು. ಸಾಲ ಇಲ್ಲದವರು, ಉಳಿಸಲು ಬೇರೆ ಒಳ್ಳೆ ದಾರಿ ಇಲ್ಲದವರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾ ಹೋಗುವುದೇ ಸರಿ ಅಂತ ಬಂತು. ಅಪ್ಪಯ್ಯ ಮಾಡುತ್ತಿದ್ದದ್ದು ಅದನ್ನೇ. 2010ರಲ್ಲಿ ಪಿಎಚ್‌ಡಿ ಮುಗಿಯಿತು.

ಕೆಲಸ ಸಿಕ್ಕಿದ್ದು ಅಷ್ಟು ಕಷ್ಟ ಆಗಲಿಲ್ಲ. ಗಣಿತ ಗಟ್ಟಿ ಇರುವ, ಪಾಠ ಮಾಡಿ ಅಭ್ಯಾಸ ಇರುವ ಫೈನಾನ್ಸಿನವರು ಕಡಿಮೆ. ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಒಂದು ಬಿಸಿನೆಸ್ ಸ್ಕೂಲಿಗೆ ಸೇರಿದೆ. ಕಷ್ಟ ಆಗಿದ್ದು ಲೇಖನ ಪ್ರಕಟಿಸುವುದು. ಮೊದಲ ಲೇಖನ ಮೂರು ಪತ್ರಿಕೆಗಳಿಂದ ವಾಪಸು ಬಂತು. ಒಂದೊಂದು ಉತ್ತರಕ್ಕೂ ಐದಾರು ತಿಂಗಳು. ಒಬ್ಬ ವಿಮರ್ಶಕರು ಬರೆದದ್ದರ ಸಾರ ಇಷ್ಟು: ಗಣಿತ ಸರಿ ಇದೆ, ಆದರೆ ಓದುಗ ಇದನ್ನು ಯಾಕೆ ಓದಬೇಕು? ಆ ಸಾಲನ್ನು ನನ್ನ ಟೇಬಲ್ಲಿನ ಎದುರು ಅಂಟಿಸಿದೆ. ಲೇಖನವನ್ನು ತಲೆಕೆಳಗು ಮಾಡಿದೆ. ಮೊದಲ ಪುಟದಲ್ಲಿ ಬೆಳೆಗಾರ ಬಂದ, ಎರಡನೆಯದರಲ್ಲಿ ಪೇಟೆ, ಆಮೇಲೆ ಅಂಕಿ. ಪ್ರಮೇಯ ಕೊನೆಯ ಅನುಬಂಧಕ್ಕೆ ಹೋಯಿತು. ನಾಲ್ಕನೆಯ ಪತ್ರಿಕೆ ಎರಡು ಸಲ ತಿದ್ದಿಸಿ ತೆಗೆದುಕೊಂಡಿತು. ಶುರುವಿನಿಂದ ಅಚ್ಚಾಗುವವರೆಗೆ ಐದು ವರ್ಷ. ಈ ಕೆಲಸಕ್ಕೆ ಬರುವವರು ಈ ಐದು ವರ್ಷಕ್ಕೆ ಮನಸ್ಸನ್ನು ಸಿದ್ಧ ಮಾಡಿಕೊಂಡೇ ಬರಬೇಕು. ಒಂದು ಲೇಖನ ವಿಮರ್ಶಕರ ಕೈಯಲ್ಲಿ ಇರುವಾಗ ಇನ್ನೊಂದು ಕೈಯಲ್ಲಿರಲಿ. ಇಲ್ಲದಿದ್ದರೆ ಕಾಯುವುದರಲ್ಲೇ ಮನಸ್ಸು ಕುಗ್ಗುತ್ತದೆ.

ಪಾಠ ಮಾಡುವುದನ್ನೂ ಮತ್ತೆ ಕಲಿಯಬೇಕಾಯಿತು. ಎಂಬಿಎ ಮಕ್ಕಳಿಗೆ ಪ್ರಮೇಯದ ಸಾಧನೆ ಬೇಡ. ಆದರೆ ಅವರು ದಡ್ಡರಲ್ಲ, ಕಾರಣ ಬೇಕು ಅವರಿಗೆ. ಹರಾಜಿನ ಪಾಠಕ್ಕೆ ನಾನು ಶಿರಸಿಯ ಅಡಿಕೆ ಟೆಂಡರನ್ನೇ ಹೇಳುತ್ತೇನೆ. ವ್ಯಾಪಾರಿಗಳು ಬಂದು ಮಾಲು ನೋಡುತ್ತಾರೆ, ಕೈಯಲ್ಲಿ ಉಜ್ಜುತ್ತಾರೆ, ಒಡೆದು ನೋಡುತ್ತಾರೆ. ತಮ್ಮ ದರವನ್ನು ಇನ್ನೊಬ್ಬರಿಗೆ ಕಾಣದ ಹಾಗೆ ಬರೆದು ಹಾಕುತ್ತಾರೆ. ಹೆಚ್ಚು ಬರೆದವರಿಗೆ ಮಾಲು. ಯಾರೂ ತಮಗೆ ಅನ್ನಿಸಿದ ಪೂರ್ತಿ ಬೆಲೆ ಬರೆಯುವುದಿಲ್ಲ, ಸ್ವಲ್ಪ ಇಳಿಸಿಯೇ ಬರೆಯುತ್ತಾರೆ. ಎಷ್ಟು ಇಳಿಸುತ್ತಾರೆ? ಅತಿ ಸರಳ ಮಾದರಿಯಲ್ಲಿ, ಇಬ್ಬರೇ ಇದ್ದರೆ ತಮಗೆ ಅನ್ನಿಸಿದ ಬೆಲೆಯ ಅರ್ಧ ಬರೆಯುತ್ತಾರೆ. ಐದು ಜನ ಇದ್ದರೆ ಶೇ. 80, ಹತ್ತು ಜನ ಇದ್ದರೆ ಶೇ. 90. ನಿಜವಾದ ಟೆಂಡರಿನಲ್ಲಿ ಅರ್ಧಕ್ಕೆ ಇಳಿಯುವುದಿಲ್ಲ, ಯಾಕಂದರೆ ಎಲ್ಲರಿಗೂ ಪೇಟೆಯ ದರ ಗೊತ್ತಿರುತ್ತದೆ. ಆದರೂ ದಿಕ್ಕು ಸರಿ. ಜಾಸ್ತಿ ಖರೀದಿದಾರರು ಬರುವ ಪೇಟೆಗೇ ಮಾಲು ಒಯ್ಯಬೇಕು ಅನ್ನುವ ಮಾತಿನ ಹಿಂದಿನ ಗಣಿತ ಇದು. ಎಂಬಿಎ ಮಕ್ಕಳು ಇದನ್ನು ಮರೆಯುವುದಿಲ್ಲ.

ಇನ್ನೊಂದು ಪಾಠ ಈಗೀಗ ಊರಿಗೆ ಬಂದಾಗಲೂ ಮಾಡಬೇಕಾಗುತ್ತದೆ. ನಮ್ಮೂರಿನ ಹುಡುಗರು ಮೊಬೈಲಿನಲ್ಲಿ ಆಪ್ಷನ್ ಆಡುತ್ತಿದ್ದಾರೆ. ಅಡಿಕೆಗೆ ಒಳ್ಳೆ ದರ ಬಂದ ವರ್ಷ ಕೈಯಲ್ಲಿ ದುಡ್ಡು ಇರುತ್ತದೆ. "ಅಕ್ಕಾ, ನಿಮಗೆ ಗಣಿತ ಗೊತ್ತಲ್ಲ, ನಾಳೆ ನಿಫ್ಟಿ ಎತ್ತ ಹೋಗ್ತು ಹೇಳಿ" ಅನ್ನುತ್ತಾರೆ. ನನಗೆ ಗೊತ್ತಿಲ್ಲ. ಇಪ್ಪತ್ತು ವರ್ಷ ಓದಿದ್ದರಿಂದಲೇ ಗೊತ್ತಿಲ್ಲ ಅಂತ ಗಟ್ಟಿಯಾಗಿ ಹೇಳಬಲ್ಲೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ವರದಿ ತೋರಿಸುತ್ತೇನೆ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ಶೇ. 93 ಮಂದಿ ನಷ್ಟ ಮಾಡಿಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಒಬ್ಬ ಹುಡುಗ ಎರಡು ವರ್ಷದ ಚಾಲಿ ಮಾರಿದ ದುಡ್ಡು ಕಳೆದುಕೊಂಡ. ಮನೆಯಲ್ಲಿ ಹೇಳಲು ಆಗದೆ ನನ್ನ ಹತ್ತಿರ ಬಂದು ಅತ್ತ. ಅವನ ಜೊತೆ ಹೋಗಿ ಅವನ ತಾಯಿ ಎದುರು ಕೂತು ಮಾತಾಡಿದ್ದೇನೆ. ಇದು ನನ್ನ ಕೆಲಸದ ಭಾಗ ಅಂತಲೇ ನಾನು ತಿಳಿದಿದ್ದೇನೆ.

ಈಗ ಪ್ರೊಫೆಸರ್ ಆಗಿ ಕೆಲವು ವರ್ಷ ಆಯಿತು. ಕೈಯಲ್ಲಿರುವ ಕೆಲಸ ಬೆಳೆ ವಿಮೆಯದು. ಇದನ್ನು ಒಬ್ಬ ಕೃಷಿ ಅರ್ಥಶಾಸ್ತ್ರಜ್ಞರ ಜೊತೆ ಸೇರಿ ಮಾಡುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಅಡಿಕೆಗೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ವಿಮೆ ಇದೆ. ಬೆಳೆಗಾರನ ಪಾಲಿನ ಕಂತು ವಿಮೆ ಮೊತ್ತದ ಶೇ. 5. ಇದರಲ್ಲಿ ಯಾರೂ ಬಂದು ತೋಟದ ನಷ್ಟ ಅಳೆಯುವುದಿಲ್ಲ. ಮಳೆಮಾಪಕದ ಅಂಕಿ ಗೊತ್ತುಪಡಿಸಿದ ಗೆರೆ ದಾಟಿದರೆ ದುಡ್ಡು ಬರುತ್ತದೆ. ಅಂದರೆ ಇದು ಮಳೆಯ ಮೇಲಿನ ಆಪ್ಷನ್. ಷೇರಿನ ಜಾಗದಲ್ಲಿ ಮಳೆ ಇದೆ, ಅಷ್ಟೇ ವ್ಯತ್ಯಾಸ. ಅನುಕೂಲ ಬಹಳ: ಬೇಗ ತೀರ್ಮಾನ, ಕಡಿಮೆ ಖರ್ಚು. ತೊಂದರೆ ಒಂದೇ, ಅದು ದೊಡ್ಡದು. ಮಳೆಮಾಪಕ ಪಂಚಾಯ್ತಿಯ ಹತ್ತಿರ ಇರುತ್ತದೆ. ಕೊಳೆ ಬರುವುದು ತೋಟದಲ್ಲಿ.

ಮಲೆನಾಡಿನಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬೇರೆ. ಒಂದೇ ಶಿರಸಿ ತಾಲೂಕಿನಲ್ಲಿ ಘಟ್ಟದ ಅಂಚಿನ ಮಳೆಗೂ ಬನವಾಸಿ ಕಡೆಯ ಮಳೆಗೂ ಹೋಲಿಕೆಯೇ ಇಲ್ಲ. ಮಾಪಕದ ಅಂಕಿಗೂ ತೋಟದ ನಷ್ಟಕ್ಕೂ ಇರುವ ಸಹಸಂಬಂಧ 0.7 ಅಂತ ಇಟ್ಟುಕೊಳ್ಳಿ. 1 ಅಂದರೆ ಎರಡೂ ಪೂರ್ತಿ ಜೊತೆಯಲ್ಲಿ ಏರಿಳಿಯುತ್ತವೆ, 0 ಅಂದರೆ ಅಂಥ ನಂಟು ಇಲ್ಲ. ಕೇಳಲು ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿದರೆ, ಎಷ್ಟೇ ಜಾಣತನದಿಂದ ವಿಮೆ ಮಾಡಿಸಿದರೂ ಬೆಳೆಗಾರನ ಆದಾಯದ ಏರಿಳಿತ ಕಡಿಮೆಯಾಗುವುದು ಸುಮಾರು ಶೇ. 29 ಮಾತ್ರ. ಸಹಸಂಬಂಧ 0.9 ಆದರೆ ಶೇ. 56 ಕಡಿಮೆಯಾಗುತ್ತದೆ. ಒಂದು ವರ್ಷ ನಮ್ಮ ಕಣಿವೆಯಲ್ಲಿ ಎರಡು ಸಲ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದರೂ ಕೊಳೆ ನಿಲ್ಲಲಿಲ್ಲ. ಮಾಪಕದ ಪ್ರಕಾರ ಮಳೆ ಅಷ್ಟು ಆಗಿರಲಿಲ್ಲ. ಪರಿಹಾರ ಬರಲಿಲ್ಲ. ಕೊನೆಕೊಯ್ಯುವವರಿಗೆ ಕೂಲಿ ಕೊಡಲೂ ಅಪ್ಪಯ್ಯ ಸಾಲ ಮಾಡಿದರು. ಜನರಿಗೆ ವಿಮೆಯ ಮೇಲೆ ನಂಬಿಕೆ ಹೋಗುವುದು ಹೀಗೆ.

ಮಾಪಕವನ್ನು ಎಲ್ಲಿ ಇಟ್ಟರೆ, ಎಷ್ಟು ಇಟ್ಟರೆ ಈ ಅಂತರ ಸಾಕಷ್ಟು ಕಡಿಮೆಯಾಗುತ್ತದೆ? ನಮ್ಮ ಈಗಿನ ಪ್ರಶ್ನೆ ಇದು. ಇದಕ್ಕೆ ಬೇಕಾದ ಗಣಿತ ಧಾರವಾಡದಲ್ಲೇ ಕಲಿತದ್ದು. ಅಂಕಿ ಮಾತ್ರ ಎಲ್ಲೂ ಇಲ್ಲ, ನಾವೇ ಕೂಡಿಸಬೇಕು. ಹಾಗಾಗಿ ಹತ್ತು ಮನೆಗಳ ತೋಟದಲ್ಲಿ ಸಾದಾ ಮಳೆಮಾಪಕ ಇಟ್ಟಿದ್ದೇವೆ. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಬೇಕು. ಹವಾಮಾನ ಇಲಾಖೆ ಮಳೆಯ ದಿನವನ್ನು ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ನಮ್ಮ ಮನೆಯಲ್ಲಿ ಬರೆಯುವುದು ಆಯಿ, ಅಂದರೆ ನನ್ನ ಅಮ್ಮ. ಕೊಡೆ ಹಿಡಿದು ತೋಟಕ್ಕೆ ಇಳಿದು, ಅಂಕಿ ನೋಡಿ, ಹಳೆ ಕ್ಯಾಲೆಂಡರಿನ ಹಿಂದೆ ಬರೆದು, ನನಗೆ ಫೋನ್ ಮಾಡುತ್ತಾಳೆ. ಮೂರು ಮಳೆಗಾಲ ಆಯಿತು, ಒಂದು ದಿನವೂ ತಪ್ಪಿಸಿಲ್ಲ. ಗಟ್ಟಿಯಾಗಿ ಏನಾದರೂ ಹೇಳಲು ಇನ್ನೂ ಕೆಲವು ಮಳೆಗಾಲ ಬೇಕು.

ಇವತ್ತು ಫೋನಿನ ಕೆಲಸ ಇರಲಿಲ್ಲ, ಇಲ್ಲೇ ಇದ್ದೆ. ಬೆಳಿಗ್ಗೆ ನಾನು ಇದನ್ನು ಬರೆಯುತ್ತಿರುವಾಗ ಆಯಿ ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಡಿಸಿಟ್ಟು ಒಳಗೆ ಬಂದಳು. "ನೂರಾ ಹನ್ನೆರಡು" ಅಂದಳು. ಪಂಚಾಯ್ತಿ ಮಾಪಕದಲ್ಲಿ 74 ಮಿಲಿಮೀಟರ್ ತೋರಿಸಿತ್ತು. ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದುಕೊಂಡೆ.